ಹದ್ದಿಗೆ ಎರಡರ್ಥ

ನಾನು ಕನ್ನಡ ಕಲಿತದ್ದು ಹಲಸೂರಿನ ನಮ್ಮ ಓನರಜ್ಜಿಯಿಂದ. ಅವರದು ಕೆಳಗಿನ ಮನೆ, ನಮ್ಮದು ಮಹಡಿಯ ಬಾಡಿಗೆ ಮನೆ. ಮೇಲೆ ದಖನಿ ಉರ್ದು, ಮೆಟ್ಟಿಲಿಳಿದರೆ ಕನ್ನಡ. ಅಜ್ಜಿ ಅವರೆಕಾಯಿ ಸುಲಿಯಲು ಕೂತರೆ ನಾನೂ ಎದುರಿಗೆ ಕೂರುತ್ತಿದ್ದೆ. ಕಾಳು ಬಟ್ಟಲಿಗೆ, ಮಾತು ನನ್ನ ಕಿವಿಗೆ.

ನಾನು ಕಾಂಪೌಂಡ್ ಗೋಡೆ ಹತ್ತಿದಾಗೆಲ್ಲ ಅವರು, "ಹದ್ದು ಮೀರ್ಬೇಡ ಕಣೋ" ಎಂದು ಗದರುತ್ತಿದ್ದರು. ನನಗೆ ಗೊತ್ತಿದ್ದ ಹದ್ದು ತಾರಸಿಯ ಮೇಲೆ ಸುತ್ತುವ ಹಕ್ಕಿಯೊಂದೇ. ಅದಕ್ಕಿಂತ ಮೇಲೆ ಹಾರಬೇಡ ಅನ್ನುತ್ತಿದ್ದಾರೆ ಅಂದುಕೊಂಡು, "ನಂಗೆ ಹಾರೋಕೇ ಬರಲ್ಲ ಅಜ್ಜಿ" ಅಂದೆ. ಅಜ್ಜಿ ಮೊರ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇದು ಹಕ್ಕಿ ಅಲ್ವೋ, ಎಲ್ಲೆ. ನಿಮ್ಮನೆ ಮಾತೇ ಇದು. ನಿಮ್ಮಮ್ಮ ನಿನ್ನ ಬೈಯುವಾಗ 'ಹದ್ ಹೋಗಯಿ' ಅಂತಾಳಲ್ಲ, ಅದೇ. ದಿನಾ ಕೇಳಿಸ್ತದೆ ನಂಗೆ."

ಅವರ ಮೊಮ್ಮಗ ನನಗಿಂತ ದೊಡ್ಡವನು, ನಾನವನನ್ನು ಅಣ್ಣ ಅನ್ನುತ್ತಿದ್ದೆ. ಒಂದು ಮಳೆಗಾಲದಲ್ಲಿ ಅವನಿಗೆ ಬಂದ ಜ್ವರ ಇಳಿಯಲೇ ಇಲ್ಲ. ನಮ್ಮಲ್ಲಿ ಮಕ್ಕಳು ಕಾಯಿಲೆ ಬಿದ್ದರೆ ಅಮ್ಮಿ ಮಾಂಸದ ಚೂರೊಂದನ್ನು ತಲೆಗೆ ನಿವಾಳಿಸಿ ತಾರಸಿಯಿಂದ ಹದ್ದಿಗೆ ಎಸೆಯುತ್ತಿದ್ದಳು. ಕಾಯಿಲೆಯನ್ನು ಅದು ಹೊತ್ತುಕೊಂಡು ಹೋಗುತ್ತದೆಂಬ ನಂಬಿಕೆ. ಅಜ್ಜಿ ಇದನ್ನು ಬಲ್ಲವರು. ಮೆಟ್ಟಿಲ ಬಳಿ ನಿಂತು ಸಣ್ಣ ದನಿಯಲ್ಲಿ ಹೇಳಿದರು: "ನಮ್ಮ ಮಗೂಗೂ ಮಾಡಮ್ಮ. ಆದ್ರೆ ಅದನ್ನ ಕೆಳಗೆ ತರ್ಬೇಡ, ಅವನನ್ನೇ ಮೇಲಕ್ಕೆ ಕರ್ಕೊಂಡು ಬರ್ತೀನಿ."

ಅಣ್ಣ ಕಂಬಳಿ ಹೊದ್ದು ತಾರಸಿಗೆ ಬಂದ. ಅಮ್ಮಿ ನಿವಾಳಿಸಿ ಎಸೆದಳು. ಎಲ್ಲಿತ್ತೋ ಹದ್ದು, ಗಾಳಿಯಲ್ಲೇ ಹಿಡಿದುಕೊಂಡು ಹೋಯಿತು. ಅಣ್ಣ ಕಂಬಳಿಯೊಳಗಿಂದಲೇ "ಕ್ಯಾಚ್" ಅಂದ. ಜ್ವರ ಇಳಿದದ್ದು ಹದ್ದಿನಿಂದಲೋ ಡಾಕ್ಟರ ಮಾತ್ರೆಯಿಂದಲೋ, ಅಜ್ಜಿ ಮಾತ್ರ ಬದುಕಿರುವವರೆಗೂ ಯುಗಾದಿಗೆ ಅಮ್ಮಿಗೆ ಒಬ್ಬಟ್ಟು ತಪ್ಪಿಸಲಿಲ್ಲ.

ಅಜ್ಜಿ ಹೋದ ಮೇಲೆ ನಾವು ಶಿವಾಜಿನಗರಕ್ಕೆ ಬಂದೆವು. ಈಗ ನಾವಿರುವ ಹಳೆಯ ಕಟ್ಟಡವನ್ನು ಕೆಡವುತ್ತಾರಂತೆ, ಖಾಲಿ ಮಾಡಬೇಕು. ಇಂದಿರಾನಗರದಲ್ಲಿ ವಿಚಾರಿಸಿದೆ. ಫೋನಿನಲ್ಲಿ ನನ್ನ ಕನ್ನಡ ಕೇಳಿ "ಬನ್ನಿ ಸಾರ್" ಅಂದವರು, ಹೆಸರು ಹೇಳಿದ ಮೇಲೆ "ಅಯ್ಯೋ, ನಿನ್ನೇನೇ ಹೋಯ್ತಲ್ಲ" ಅಂದರು. ನಮ್ಮವರು ಹೆಚ್ಚಿರುವ ಬೆನ್ಸನ್ ಟೌನಿನ ಬಾಡಿಗೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಅಷ್ಟರಲ್ಲಿ ಹಲಸೂರಿನ ಆ ಮನೆಗೆ ಟು-ಲೆಟ್ ಬೋರ್ಡು ಬಿದ್ದಿದೆಯೆಂದು ತಿಳಿಯಿತು. ಅಣ್ಣ ಈಗ ನಾವಿದ್ದ ಮಹಡಿಯ ಮನೆಯಲ್ಲಿದ್ದ. ಅಜ್ಜಿಯ ಕೆಳಗಿನ ಮನೆಯೇ ಖಾಲಿ. ಮಂಡಿನೋವಿನ ಅಮ್ಮಿಗೆ ಮೆಟ್ಟಿಲಿಲ್ಲದ ಮನೆ.

"ನಿಂಗಲ್ದೆ ಇನ್ಯಾರಿಗೋ ಕೊಡ್ಲಿ?" ಅಂದ ಅಣ್ಣ. "ಆದ್ರೆ ಗಲ್ಲಿಯೋರೆಲ್ಲ ಸೇರ್ಕೊಂಡು ಮಾಂಸ ಮಾಡೋರಿಗೆ ಮನೆ ಕೊಡೋದ್ ಬೇಡ ಅಂತ ಮಾತಾಡ್ಕೊಂಡಿದಾರೆ. ನೀನೊಂದು ಕಂಪ್ಲೇಂಟ್ ಕೊಡು. ವಾರ್ಡ್ ಸಭೇಲಿ ನಾನೇ ಎದ್ದು ಮಾತಾಡ್ತೀನಿ. ಅಲ್ಲಿ ತೀರ್ಮಾನ ಆಯ್ತು ಅಂದ್ರೆ ಯಾರೂ ಕಮಕ್ ಕಿಮಕ್ ಅನ್ನಲ್ಲ."

ಕೊಟ್ಟೆ. ಸಭೆಯಲ್ಲಿ ಆ ಗಲ್ಲಿಯದೇ ಇನ್ನೊಂದು ದೂರೂ ಇತ್ತು: ಹದ್ದುಗಳು ತಾರಸಿಗೆರಗಿ ಮಕ್ಕಳ ಕೈಯ ತಿಂಡಿ ಕಿತ್ತುಕೊಳ್ಳುತ್ತಿವೆ, ಒಂದು ಮಗುವಿನ ಕೈ ಪರಚಿದೆ. ಅಧಿಕಾರಿ ಎರಡನ್ನೂ ನೋಡಿ, "ಒಂದೇ ಗಲ್ಲೀದಲ್ವಾ, ಒಟ್ಟಿಗೇ ಮುಗಿಸ್ಬಿಡೋಣ" ಅಂದರು.

ಅಣ್ಣ ಎದ್ದ. ನಾನು ಕುರ್ಚಿಯಲ್ಲಿ ನೆಟ್ಟಗಾದೆ.

"ಸಾರ್, ಹದ್ದುಗಳ ಕಾಟ ಹದ್ದು ಮೀರಿದೆ," ಅಂದ. ಜನ ನಕ್ಕರು. ನನಗೂ ನಗು ಬಂತು, ಅಜ್ಜಿ ನೆನಪಾಗಿ. "ಮಾಂಸ ಎಸೆಯೋರು ಬಂದು ಸೇರ್ಕೊಂಡ್ರೆ ಇನ್ನೂ ಜಾಸ್ತಿ ಆಗುತ್ತೆ. ಸುಮ್ನೆ ಹೇಳ್ತಿಲ್ಲ ನಾನು. ಚಿಕ್ಕೋನಿದ್ದಾಗ ನಮ್ಮ ತಾರಸಿಯಿಂದಾನೇ ಎಸೀತಿದ್ರು. ಕಣ್ಣಾರೆ ನೋಡಿದೀನಿ."

"ಯಾರು, ಇವ್ರೇನಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಇವ್ರ ಮನೆಯೋರೇ."

ಹುಟ್ಟಿದಾಗಿನಿಂದ ಅವನ ಬಾಯಲ್ಲಿ ನಾನು 'ಲೋ' ಆಗಿದ್ದವನು. ಅವತ್ತು 'ಇವ್ರು' ಆದೆ.

ನಾನು ಎದ್ದು ನಿಂತೆ. "ಅಣ್ಣ, ಯಾರಿಗೆ ನಿವಾಳಿಸಿ ಎಸೆದಿದ್ದು ಅನ್ನೋದನ್ನೂ ಹೇಳ್ಬಿಡು."

ಅವನು ಫೋನು ನೋಡಿಕೊಂಡ. "ಹಳೇ ಕಥೆ ಬೇಡ, ಕೂತ್ಕೊಳ್ಳಿ" ಅಂದರು ಅಧಿಕಾರಿ.

ತೀರ್ಮಾನವನ್ನು ಓದಿ ಹೇಳಿದರು. ಹದ್ದುಗಳಿಗೆ ಆಹಾರ ಎಸೆಯಕೂಡದು. ಅವುಗಳ ಕಾಟವನ್ನು ಹದ್ದುಬಸ್ತಿನಲ್ಲಿಡಲು ಮನೆ ಮಾಲೀಕರು ಬಾಡಿಗೆದಾರರಿಗೆ ಸೂಕ್ತ ಷರತ್ತು ಹಾಕಬಹುದು. ಮನೆಯನ್ನು ಯಾರಿಗೆ ಕೊಡಬೇಕೆಂಬುದು ಮಾಲೀಕರ ಇಷ್ಟ, ಅದಕ್ಕೂ ವಾರ್ಡ್ ಸಮಿತಿಗೂ ಸಂಬಂಧವಿಲ್ಲ. ಹದ್ದುಬಸ್ತು ಎಂಬ ಪದದ ಅರ್ಥ ಆ ಕೋಣೆಯಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಆಗಿರಲಾರದು.

ಹೊರಗೆ ಅಣ್ಣ ಸ್ಕೂಟರ್ ಪಕ್ಕ ಕಾಯುತ್ತಿದ್ದ. "ಬೇಜಾರ್ ಮಾಡ್ಕೋಬೇಡ ಕಣೋ. ನಾನೂ ಇದೇ ಗಲ್ಲೀಲಿ ಬಾಳ್ಬೇಕಲ್ವಾ? ಬಾ, ಟೀ ಕುಡಿಯೋಣ."

"ಬೇಡ ಸಾರ್," ಅಂದೆ.

ಅವನು ಹೆಲ್ಮೆಟ್ ಹಾಕಿಕೊಂಡ.

ಮನೆಯಲ್ಲಿ ಅಮ್ಮಿ ಮಸಾಲೆ ಡಬ್ಬಿಗಳನ್ನು ಒರೆಸಿ ಚೀಲಕ್ಕೆ ತುಂಬಿಟ್ಟುಕೊಂಡು ಕೂತಿದ್ದಳು. "ಅಜ್ಜಿಯ ಮೊಮ್ಮಗ ಮಾತಾಡಿದ್ನಾ?" ಎಂದು ಕೇಳಿದಳು.

"ಮಾತಾಡ್ದ ಅಮ್ಮಿ. ಎಲ್ಲರಿಗಿಂತ ಮೊದಲು ಅವನೇ ಎದ್ದ."

"ನಂಗೊತ್ತಿತ್ತು. ಆ ಮಗು ಏನನ್ನೂ ಮರೆಯಲ್ಲ."

ನಿಜ, ಅವನು ಏನನ್ನೂ ಮರೆತಿರಲಿಲ್ಲ.

"ಮತ್ತೆ ಮನೆ?"

"ಆಗ್ಲಿಲ್ಲ. ಕೆ.ಆರ್. ಪುರದ ಕಡೆ ನೋಡೋಣ," ಎನ್ನುತ್ತ ಚೀಲದಿಂದ ಡಬ್ಬಿಗಳನ್ನು ತೆಗೆದು ಒಂದೊಂದಾಗಿ ಮತ್ತೆ ಗೂಡಿನಲ್ಲಿಟ್ಟೆ.