ಶಹನಾಜ ಆಪಾ ಕಲಿಸಿದ ದನಿ

ಗೋಕಾಕ ಫಾಲ್ಸ್ ಊರಿನೊಳಗೆ ಶಹನಾಜಳ ಮನೆ ಎಲ್ಲಿ ಅಂತ ಯಾರನ್ನಾದರೂ ಕೇಳಿ, "ಹೊಲಿಗಿ ಆಪಾನ ಮನಿ ಹೌದಲ್ರಿ?" ಅಂತ ತಿರುಗಿ ಕೇಳಿ ಬಾಗಿಲತನಕ ಬಿಟ್ಟು ಬರುತ್ತಾರೆ. ಐವತ್ತಾರು ವರ್ಷದ ಹೆಂಗಸು, ಏಳನೇ ಇಯತ್ತೆ ಓದಿದವಳು. ಕಿಟಕಿಯ ಬೆಳಕಿಗೆ ಹೊಲಿಗೆ ಮಷಿನ್ನು, ಅದರ ಬಾಜೂಕ ಒಂದು ಸ್ಟೂಲು, ಸ್ಟೂಲಿನ ಮೇಲೆ ಮೊಬೈಲು. ನಡು ಹೊಲಿಗೆಯಲ್ಲಿ ಮಷಿನ್ನು ನಿಂತಿತೆಂದರೆ ಯಾವಳೋ ಹೊಸಬಳು ಬಂದಳೆಂದೇ ತಿಳಿಯಬೇಕು. ಮಿಲ್ಲಿನ ಕೆಲಸದಿಂದ ರಿಟೈರಾದ ಗಂಡ ನಿಜಾಮಸಾಬ ಒಳಗಿನಿಂದಲೇ, "ಆತು, ಟೀಚರ ಬಾಯಾರ ಸಾಲಿ ಸುರು ಆತು. ಇವತ್ತ ಚಾ ನಾನ ಮಾಡ್ಕೋಬೇಕು," ಅನ್ನುತ್ತಿದ್ದ.

ಸಾಲಿ ಅಂದರೆ ವಾಟ್ಸಾಪಿನ ಒಂದು ಗುಂಪು. ಹನ್ನೊಂದು ವರ್ಷದ ಹಿಂದೆ ತನ್ನ ಜೊತೆ ಹೊಲಿಗೆ ತರಬೇತಿ ಮುಗಿಸಿದ ಹದಿನಾಲ್ಕು ಹೆಂಗಸರನ್ನು ಸೇರಿಸಿ ಶಹನಾಜಳೇ ಕಟ್ಟಿದ್ದು. ಒಬ್ಬರಿಂದ ಒಬ್ಬರು ಅಂತ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯವರು ಕೂಡಿ ಇನ್ನೂರು ದಾಟಿತ್ತು. ಬರೆಯಲು ಬೇಸರಪಡುವವರೇ ಜಾಸ್ತಿ, ಹಿಂಗಾಗಿ ಎಲ್ಲ ಮಾತೂ ದನಿಯ ಮೆಸೇಜಿನಲ್ಲೇ. ಯಾವ ದನಿ ಯಾರದು ಅಂತ ಹೆಸರು ನೋಡದೇ ಹೇಳುತ್ತಿದ್ದಳು ಶಹನಾಜ.

ಆ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಹೊಸಬಳು ಬಂದರೆ ಹೂವಿನ ಚಿತ್ರ ಹಾಕಿ ಸ್ವಾಗತ ಅನ್ನುವುದಿಲ್ಲ. ಹಳಬರಲ್ಲಿ ಮೂವರು ತಾವು ಮಾಡಿದ ಒಂದೊಂದು ತಪ್ಪು ಹೇಳಬೇಕು. ಮೊದಲು ಶಹನಾಜ: "ನಾ ಒಂದ ಜಂಪರಕ್ಕ ಎರಡೂ ಎಡಗೈ ತೋಳು ಕತ್ತರಿಸಿದ್ನವ್ವಾ. ಆ ಹೆಣ್ಮಗಳು ಹಾಕ್ಕೊಂಡು, ನನಗ ಬಲಗೈನ ಬ್ಯಾಡೇನು ಅಂದ್ಲು." ಆಮೇಲೆ ಹುಕ್ಕೇರಿಯ ಶೋಭಾ, ಮಾವನ ಅಂಗಿಯನ್ನು ತನ್ನ ಲಂಗದ ಜೊತೆ ಕೂಡಿಸಿ ಹೊಲಿದ ಕಥೆ ಹೇಳಿ ತಾನೇ ಬಿದ್ದು ಬಿದ್ದು ನಗುತ್ತಿದ್ದಳು. ಮೂರನೆಯವಳು ಮೂಡಲಗಿಯ ವಿಜಯಶ್ರೀ. ಇಷ್ಟಾದ ಮೇಲೆ ಹೊಸಬಳಿಗೆ ಹೆದರಿಕೆ ಹೋಗಿ, ತನ್ನ ಕೆಟ್ಟ ಹೊಲಿಗೆಯ ಫೋಟೋ ಹಾಕುತ್ತಿದ್ದಳು. ಅದನ್ನು ಹೆಂಗೆ ತಿದ್ದಬೇಕು ಅಂತ ಹತ್ತು ಜನ ಹೇಳುತ್ತಿದ್ದರು. "ಇಲ್ಲಿ ಬಂದಿದ್ದು ಇಲ್ಲೇ ಇರ್ತೈತಿ," ಇದು ಶಹನಾಜ ಎಲ್ಲರಿಗೂ ಕೊಟ್ಟ ಮಾತು.

ದನಿ ಹೆಂಗಿರಬೇಕು ಅನ್ನುವುದನ್ನೂ ಆಕೆಯೇ ಕಲಿಸಿದ್ದು. ಯಾರಾದರೂ "ಇಷ್ಟೂ ತಿಳಿಯಂಗಿಲ್ಲೇನು?" ಅಂದರೆ ಗುಂಪಿನಲ್ಲಿ ಏನೂ ಅನ್ನದೆ ಒಬ್ಬಳಿಗೇ ಫೋನ್ ಹಚ್ಚುತ್ತಿದ್ದಳು. "ಹಿಂಗ್ಯಾಕ ಮಾಡಿದಿ ಅಂದ್ರ ಆಕೀ ಬಾಯಿ ಮುಚ್ಚತೈತಿ. ಎಲ್ಲಿಗೆ ಬಂದು ಕೈ ತಡೀತು ಅಂತ ಕೇಳ. ಮೊದಲ ಹೆದರಬ್ಯಾಡ ಅನ್ನು, ಒಂದ ಉಸಿರು ನಿಲ್ಲು, ಆಮ್ಯಾಲೆ ಮಾತಾಡು."

ಇದನ್ನು ಎಲ್ಲರಿಗಿಂತ ಚಂದ ಕಲಿತವಳು ವಿಜಯಶ್ರೀ. ಒಂಬತ್ತು ವರ್ಷದ ಹಿಂದೆ ರೇಷ್ಮೆ ಜಂಪರವನ್ನು ಇಸ್ತ್ರಿಯಲ್ಲಿ ಸುಟ್ಟುಕೊಂಡು ಅಳುತ್ತ ಗುಂಪಿಗೆ ಬಂದ ಹುಡುಗಿ. ಅವತ್ತು ಶಹನಾಜ ಬಸ್ ಹತ್ತಿ ಮೂಡಲಗಿಗೆ ಹೋಗಿ, ಸುಟ್ಟ ಜಾಗದ ಮೇಲೆ ಅಂಚಿನ ಪಟ್ಟಿ ಕೂಡಿಸಿ, ಅದೇ ಡಿಸೈನು ಅನ್ನುವಂತೆ ಮಾಡಿ ಕೊಟ್ಟು ಬಂದಿದ್ದಳು. ಈಗ ವಿಜಯಶ್ರೀಗೆ ಸ್ವಂತ ಅಂಗಡಿ, ಕೈಕೆಳಗೆ ನಾಲ್ಕು ಜನ.

ಈ ವರ್ಷ ದೀಪಾವಳಿ ಆದ ಮೇಲೆ ಘೋಡಗೇರಿಯ ಬಾಳವ್ವ ಗುಂಪಿಗೆ ಬಂದಳು. ನಲವತ್ತರ ಹೆಂಗಸು, ಹೊಲದ ಕೆಲಸದಿಂದ ಸೊಂಟ ಹಿಡಿದು ಮಷಿನ್ನಿಗೆ ಕುಂತವಳು. ಇಪ್ಪತ್ತು ದಿನ ತುಟಿ ಬಿಚ್ಚಲಿಲ್ಲ. ಶಹನಾಜ ದಿನಕ್ಕೊಮ್ಮೆ, "ಬಾಳವ್ವಾ, ಊಟ ಆತೇನವಾ?" ಅಂತ ಕೇಳುತ್ತಿದ್ದಳು, ಅಷ್ಟೇ. ಇಪ್ಪತ್ತೊಂದನೇ ದಿನ ನಡುಗುವ ದನಿಯೊಂದು ಬಂತು. "ಆಪಾ, ಲಗ್ನದ ಸೀರಿ ಜಂಪರ ಐತ್ರಿ. ಹಿಂದಿನ ಕೊರಳ ಮುಂದಿನ ತುಂಡಿಗೆ ಕತ್ತರಿಸಿಬಿಟ್ಟೇನ್ರಿ. ಏನ್ ಮಾಡ್ಲಿ?"

"ಹೆದರಬ್ಯಾಡ. ಹಾಸಿ ಫೋಟೋ ಹಾಕು."

ಬಾಳವ್ವ ಸೀರೆಯ ಮೇಲೆಯೇ ಕತ್ತರಿಸಿದ ತುಂಡು ಹಾಸಿ ಫೋಟೋ ಹಾಕಿದಳು. ಹಸಿರು ಸೀರೆ, ಅಂಚಿನಲ್ಲಿ ಗಿಣಿ ಸಾಲು. ಶಹನಾಜ ಅರ್ಧ ತಾಸು ತಿಳಿಸಿ ಹೇಳಿದಳು: ಕತ್ತರಿಸಿದ್ದನ್ನು ಹಿಂದಿನ ಭಾಗ ಮಾಡಬೇಕು, ಸೀರೆಯ ಒಳಗೆ ಸಿಗಿಸುವ ತುದಿಯಿಂದ ಮೊಳದಷ್ಟು ತಗೊಂಡು ಮುಂದಿನದು ಹೊಸದು ಕತ್ತರಿಸಬೇಕು, ಯಾರಿಗೂ ಗೊತ್ತಾಗುವುದಿಲ್ಲ. "ಆದ್ರ ಸೀರಿ ಅವರದು. ನಾಳೆ ಮುಂಜಾನೆ ನೀನ ಹೋಗಿ ಮದುಮಗಳ ತಾಯಿಗೆ ಹೇಳಿ ಕೇಳ್ಕೊಂಡು ಕತ್ತರಿ ಹಚ್ಚು."

ಮರುದಿನ ಹತ್ತು ಗಂಟೆಗೆ ಬಾಳವ್ವ ಗುಂಪು ಬಿಟ್ಟಿದ್ದಳು. ಫೋನ್ ಎತ್ತಲಿಲ್ಲ. ಮೂರು ದಿನ ಕಾದು ನಾಲ್ಕನೆಯ ದಿನ ಶಹನಾಜ ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಘೋಡಗೇರಿಗೆ ಹೋದಳು.

ಬಾಳವ್ವ ಬಾಗಿಲಲ್ಲಿ ನಿಂತು ನೋಡಿದಳು. ನೀರು ತಂದು ಕೊಟ್ಟಳು, ಒಳಗೆ ಬರ್ರಿ ಅನ್ನಲಿಲ್ಲ. ಮಷಿನ್ನಿನ ಮೇಲೆ ಗೋಣಿಚೀಲ ಹೊದಿಸಿದ್ದು ಅಲ್ಲಿಂದಲೇ ಕಾಣುತ್ತಿತ್ತು.

"ನೀವ ಹೇಳಿದಂಗ ಮುಂಜಾನೆ ಹೋದ್ನಿರಿ. ನಾ ಬಾಯಿ ತೆಗಿಯೂಕಿಂತ ಮೊದಲ ಅವರ ಮೊಬೈಲದಾಗ ನಾ ಗುಂಪಿನ್ಯಾಗ ಹಾಕಿದ ಫೋಟೋ ಇತ್ತು. ಸೀರಿ, ತುಂಡು ಎಲ್ಲಾ ಕಸಗೊಂಡ್ರು. ಸಂಜಿ ಅನ್ನೂದ್ರಾಗ ಓಣಿ ಮಂದಿ ತಮ್ಮ ತಮ್ಮ ಅರಿವಿ ವಾಪಸ್ ಒಯ್ದ್ರು. ನನ್ನಿಂದ ಈಗ ಯಾರೂ ಗುಂಡಿ ಸುದ್ದಾ ಹಚ್ಚಿಸಂಗಿಲ್ಲ." ಅಷ್ಟು ಹೇಳಿ ಆಕೆ ಶಹನಾಜಳ ಮುಖವನ್ನೇ ನೋಡಿದಳು. "ಯಾಕ ಕಳಿಸಿದ್ರಿ ಆಪಾ?"

"ನಾ?"

"ನಿಮ್ಮ ದನಿ ನಾ ಗುರ್ತು ಹಿಡಿಯಂಗಿಲ್ಲೇನು?"

ಫೋಟೋದ ಜೊತೆ ಒಂದು ದನಿಯ ಮೆಸೇಜೂ ಬಂದಿತ್ತಂತೆ; ಬಾಳವ್ವ ಮದುಮಗಳ ತಾಯಿಯ ಕೈಕಾಲು ಹಿಡಿದು ಅದನ್ನು ತನ್ನ ಮೊಬೈಲಿಗೆ ಹಾಕಿಸಿಕೊಂಡಿದ್ದಳಂತೆ. ಹಚ್ಚಿದಳು.

"ಹೆದರಬ್ಯಾಡ್ರಿ ವೈನಿ." ಒಂದು ಉಸಿರು. "ಈ ಸೀರಿ ನಿಮ್ಮದ ಅಲ್ಲೇನ್ರಿ? ಅವರೇನ ಬೇಕಂತ ಕೆಡಿಸಿಲ್ಲ, ಹೊಸಬರು, ಕಲಿಯಾಕತ್ತಾರ. ಅವರಿಗೆ ಏನೂ ಅನಬ್ಯಾಡ್ರಿ, ಪಾಪ. ಸುಮ್ಮ ಎಲ್ಲಾ ತಗೊಂಡು ಬರ್ರಿ ನನ್ನ ಕಡೆ, ನೋಡೂಣು."

ಶಹನಾಜಳ ಕೈಯಲ್ಲಿದ್ದ ನೀರಿನ ಚರಗಿ ಹಂಗೇ ಇತ್ತು. ಅದೇ ಉಸಿರು, ಅದೇ ಸಮಾಧಾನ, ತಾನು ಹನ್ನೊಂದು ವರ್ಷ ಒಬ್ಬೊಬ್ಬಳ ಬೆನ್ನು ಹತ್ತಿ ಕಲಿಸಿದ್ದು. ಆದರೆ ದನಿ ವಿಜಯಶ್ರೀಯದು.

"ಇದು ನಾ ಅಲ್ಲವ್ವಾ. ಮೂಡಲಗಿ ವಿಜಯಶ್ರೀ."

ಬಾಳವ್ವ ಇನ್ನೊಮ್ಮೆ ಹಚ್ಚಿ ಕೇಳಿದಳು. ನಂಬಿದಳೋ ಇಲ್ಲವೋ ಮುಖದಿಂದ ಗೊತ್ತಾಗಲಿಲ್ಲ. "ಇರಬಹುದ್ರಿ. ಆ ಜಂಪರ ಕಡೀಕ ಮೂಡಲಗಿ ಅಂಗಡ್ಯಾಗ ಹೊಲಿಸಿದ್ರಂತ. ಆದ್ರ ಇಬ್ಬರೂ ಒಂದ ಥರಾ ಮಾತಾಡ್ತೀರಿ, ನಮಗ ಹೆಂಗ ತಿಳೀಬೇಕು?" ಅಂದಳು. ಚರಗಿ ಇಸಗೊಂಡು ಒಳಗೆ ಹೋದಳು.

ಶಹನಾಜ ಮನೆಗೆ ಹೋಗಲಿಲ್ಲ. ಅಲ್ಲಿಂದಲೇ ಮೂಡಲಗಿಯ ಹಾದಿ ಹಿಡಿದಳು.

"ಅಯ್ಯ, ಆಪಾ! ಬರ್ರಿ, ಕುಂದರ್ರಿ. ಲೇ, ಚಾ ಹೇಳ್ರಿ ಯಾರರೆ," ಅಂತ ವಿಜಯಶ್ರೀ ಕುರ್ಚಿ ಎಳೆದಳು. ಶಹನಾಜ ನಿಂತೇ ಕೇಳಿದಳು. ವಿಜಯಶ್ರೀ ಇಲ್ಲ ಅನ್ನಲಿಲ್ಲ.

"ಆ ಸೀರಿ ಮೊದಲ ನನ್ನ ಅಂಗಡಿಗೆ ಬಂದಿತ್ತು ಆಪಾ. ಬಾಳವ್ವ ಮನಿ ಬಾಜೂಕ ಅದಾಳ ಅಂತ ಅಲ್ಲಿ ಒಯ್ದು ಕೊಟ್ರು. ಗಿಣಿ ಅಂಚು ನೋಡಿ ಗುರ್ತು ಹಿಡದ್ನಿ. ನಾ ಏನ್ ಸುಳ್ಳ ಹೇಳೇನೇನು? ಮದುಮಗಳು ಹರದ ಜಂಪರ ಹಾಕ್ಕೊಂಡು ಅಕ್ಷತಿಗೆ ನಿಲ್ಲಬೇಕಿತ್ತೇನು?"

"ಆಕಿಗೆ ದಾರಿ ತೋರಿಸಿದ್ನಿ. ನೀನೂ ಅಲ್ಲೇ ಇದ್ದಿ, ಕೇಳಿದಿ."

"ತೋರಿಸ್ತೀರಿ. ಎಲ್ಲಾರಿಗೂ ತೋರಿಸ್ತೀರಿ. ಓಣಿಗೊಬ್ಬಾಕಿ ಮಷಿನ್ ಹಾಕ್ಕೊಂಡು ಕುಂತ್ರ ನಾವೇನ್ ತಿನ್ನೂದ್ರಿ? ನೀವ ಬರೇ ಕರಕೊಂತ ಹೊಂಟೀರಿ."

"ನಿನ್ನೂ ಹಂಗ ಕರದಿದ್ನಿ ವಿಜಿ."

ಕತ್ತರಿ ಹಿಡಿದ ಹೆಣ್ಣುಮಕ್ಕಳು ತಲೆ ತಗ್ಗಿಸಿದರು. ವಿಜಯಶ್ರೀಗೆ ಅವರ ಮುಂದೆ ಸಣ್ಣವಳಾದೆ ಅನ್ನಿಸಿತೋ ಏನೋ, ದನಿ ಏರಿತು. "ನಾ ಒಬ್ಬಾಕೀನ ಅಲ್ಲ. ನಿಮ್ಮ ಶೋಭಾನ್ನ ಕೇಳ್ರಿ, ನಕ್ಕೊಂತ ಕಥಿ ಹೇಳ್ತಾಳಲ್ಲ? ಹಿಡಕಲ್ಲಿನ ಸೈಮಾನ ಫೋಟೋ ಆಕೀನ ಹೊರಗ ದಾಟಿಸಿದ್ದು. ನಿಮಗ ಒಬ್ಬರಿಗೇ ಗೊತ್ತಿಲ್ಲ, ನೋಡ್ರಿ."

ಚಹಾ ಬಂತು. ಶಹನಾಜ ಮುಟ್ಟಲಿಲ್ಲ.

ಬಸ್ಸಿನಲ್ಲಿ ಕುಂತು ಗುಂಪಿನ ಮೆಸೇಜು ಹಿಂದಕ್ಕೆ, ಹಿಂದಕ್ಕೆ ಸರಿಸಿ ನೋಡಿದಳು. ಫೋಟೋ ಹಾಕಿ ವಾರದೊಳಗೆ ಗುಂಪು ಬಿಟ್ಟವರು ಎರಡು ವರ್ಷದಲ್ಲಿ ಒಂಬತ್ತು ಜನ. ಆಗೆಲ್ಲ, ನಂಬರ್ ಬದಲಿ ಮಾಡಿರಬೇಕು, ಗಂಡ ಮೊಬೈಲ್ ಕಸಗೊಂಡಿರಬೇಕು ಅಂತ ತಾನೇ ಕಾರಣ ಹುಡುಕಿ ಸುಮ್ಮನಾಗಿದ್ದಳು. ಶೋಭಾಗೆ ಫೋನ್ ಹಚ್ಚಿದರೆ, "ಅಯ್ಯ, ಆಪಾ, ಅದೆಲ್ಲಾ ಹಳೇದು," ಅಂತ ಆಕೆ ನಕ್ಕಳು. ಲಂಗದ ಕಥೆಗೆ ನಗುತ್ತಿದ್ದಳಲ್ಲ, ಅದೇ ನಗು.

ಮನೆಗೆ ಬಂದು ಶಹನಾಜ ಗುಂಪಿನಲ್ಲಿ ಎರಡೇ ಮಾತು ಹೇಳಿದಳು. "ಇಲ್ಲಿ ಹಾಕಿದ ಫೋಟೋ ಹೊರಗ ಹೋಗ್ಯಾವು. ಇನ್ನ ಯಾರೂ ಏನೂ ಹಾಕಬ್ಯಾಡ್ರಿ." ವಿಜಯಶ್ರೀಯನ್ನೂ ಶೋಭಾಳನ್ನೂ ತೆಗೆದಳು. ಯಾರ ಫೋಟೋ, ಯಾರು ಕಳಿಸಿದರು ಅಂತ ಒಬ್ಬಳೂ ಕೇಳಲಿಲ್ಲ. ಸಂಜೆಯೊಳಗೆ ಹಳಬರು ಮೂವತ್ತು ಜನ ತಾವಾಗಿಯೇ ಹೊರಗೆ ನಡೆದರು. ಅವರೆಲ್ಲ ಕೂಡುವ ಇನ್ನೊಂದು ಗುಂಪು ಬೇರೆ ಕಡೆ ಮೊದಲೇ ಇತ್ತು ಅನ್ನುವುದು ಅವಳಿಗೆ ಆಗ ಹೊಳೆಯಿತು.

"ಹೋಗಲಿ ಬಿಡು, ಚಾ ಕುಡಿ," ಅಂದ ನಿಜಾಮಸಾಬ, ಕಪ್ಪು ಮುಂದೆ ಇಟ್ಟು. ಆಕೆ ಒಂದು ಹಾಳೆಯ ಮೇಲೆ ಆ ಒಂಬತ್ತು ನಂಬರು ದೊಡ್ಡದಾಗಿ ಬರೆದುಕೊಂಡಿದ್ದಳು. ಮೊದಲನೆಯವಳು ಶಹನಾಜ ಅನ್ನುವ ಹೆಸರು ಕೇಳಿದ್ದೇ ಕಟ್ ಮಾಡಿದಳು. ಎರಡನೆಯದು ಹಿಡಕಲ್ಲಿನ ಸೈಮಾ.

"ಈಗ ನೆನಪಾದ್ನೇನ್ರಿ ಆಪಾ? ಒಂದೂವರಿ ವರ್ಷ ಆತು."

"ಬೇಟಾ, ನಿನ್ನ ಫೋಟೋ ಕಳಿಸಿದಾಕಿ ನಾ ಅಲ್ಲ. ಅವತ್ತ ಏನಾತು, ನನಗ ಬಿಡಿಸಿ ಹೇಳವಾ."

ಆ ಕಡೆಯಿಂದ ಸಣ್ಣ ನಗು ಬಂತು. "ಒಮ್ಮಿ ಗುಂಪಿನ್ಯಾಗ ನಂಬಿ ಎಲ್ಲಾ ಹೇಳಿದ್ನಲ್ರಿ ನಿಮಗ. ಮತ್ತ ಹೇಳ್ಲೇನು?"

"ಇಡ್ತೇನ್ರಿ, ಒಲಿ ಮ್ಯಾಲೆ ಹಾಲು ಐತಿ," ಅಂದಳು ಸೈಮಾ.

ಶಹನಾಜ ಕನ್ನಡಕ ಒರೆಸಿಕೊಂಡು ಮೂರನೆಯ ನಂಬರು ಒತ್ತಿದಳು.