ಪಾಲಾದ ಪತ್ತೇದಾರಿ ಕಾದಂಬರಿ

ನನ್ನ ಅತ್ತೆಯವರಿಗೆ ಪತ್ತೇದಾರಿ ಕಾದಂಬರಿ ಬಿಟ್ಟರೆ ಉಳಿದದ್ದೆಲ್ಲ ಸಪ್ಪೆ. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಮದುವೆಯಾಗಿ ಬಣಕಲ್ ಹತ್ತಿರದ ಈ ಕಾಫಿ ತೋಟಕ್ಕೆ ಬಂದಾಗ ಟ್ರಂಕಿನ ತಳದಲ್ಲಿ ಒಂದಷ್ಟು ಸಾಮಾಜಿಕ ಕಾದಂಬರಿಗಳನ್ನು ತಂದಿದ್ದೆ. ಅತ್ತೆ ಒಂದನ್ನು ತೆಗೆದು ನಾಲ್ಕು ಪುಟ ಓದಿ, "ಇದ್ರಲ್ಲಿ ಯಾರೂ ಸಾಯಲ್ವಾ?" ಎಂದು ಕೇಳಿದರು. ಇಲ್ಲ ಅಂದೆ. "ಮತ್ತೆ ಇಷ್ಟು ದಪ್ಪ ಯಾಕೆ?" ಎಂದು ಟ್ರಂಕಿಗೇ ವಾಪಸ್ ಹಾಕಿದರು. ಆಮೇಲೆ ಅವುಗಳ ಸುದ್ದಿಗೆ ಬರಲಿಲ್ಲ.

ಹಾಗಂತ ಕೊಲೆಯಾದರೆ ಸಾಕು ಎನ್ನುವವರೂ ಅಲ್ಲ. ಅವರಷ್ಟು ಕಟುವಾಗಿ ಪುಸ್ತಕಗಳನ್ನು ಬೈದವರನ್ನು ನಾನು ಕಂಡಿಲ್ಲ. ಎಸ್ಟೇಟ್ ಬಂಗಲೆಯ ದೆವ್ವದ ಕಥೆ ಓದಿ, "ಆಷಾಢದ ಮಳೇಲಿ ದಿನಾ ಬಿಳಿ ಸೀರೆಯಂತೆ! ಒಣಗ್ಸೋದು ಎಲ್ಲಂತೆ? ನಮ್ಮನೇಲಿ ಒಂದು ಟವೆಲ್ ಒಣಗ್ಬೇಕಾದ್ರೆ ಒಲೆ ಮೇಲೆ ವಾರ ನೇತಾಡ್ಬೇಕು" ಅಂದಿದ್ದರು. ಒಂದು ಥ್ರಿಲ್ಲರಿನಲ್ಲಿ ನಾಯಕ ದೀಪಾವಳಿಯ ದಿನ ನಾಯಕಿಯ ಮುಡಿಗೆ ಕಾಫಿ ಹೂವು ಇಟ್ಟಿದ್ದ. ಬೇಸಿಗೆಯ ಮೊದಲ ಮಳೆ ಬಿದ್ದ ಮೇಲಲ್ಲವೇ ಕಾಫಿ ಹೂ ಬಿಡುವುದು? ಅತ್ತೆ ಅಲ್ಲಿಗೇ ಪುಸ್ತಕ ಮುಚ್ಚಿ, "ಇವ್ನೇ ಕೊಲೆಗಾರ, ಬಾಯಿ ಬಿಟ್ರೆ ಸುಳ್ಳು" ಎಂದರು. ಕೊಲೆಗಾರ ಬೇರೆಯವನೇ ಆಗಿದ್ದ, ಆದರೆ ಅತ್ತೆ ಒಪ್ಪಲಿಲ್ಲ.

ಕೊಯ್ಲಿನ ಕಾಲದಲ್ಲಿ ಹೆಣ ವಾರಗಟ್ಟಲೆ ಕಾಫಿ ಗಿಡದ ಬುಡದಲ್ಲಿ ಬಿದ್ದಿತ್ತು ಎಂದು ಬರೆದವರ ಮೇಲಂತೂ ಅವರಿಗೆ ವಿಪರೀತ ಸಿಟ್ಟು. "ಅಷ್ಟು ಜನ ಹಣ್ಣು ಕುಯ್ತಿರ್ತಾರೆ, ಒಬ್ರ ಕಣ್ಣಿಗೂ ಬೀಳ್ಲಿಲ್ವಂತೆ! ಮೇಸ್ತ್ರಿ ಏನು ಗೊರಕೆ ಹೊಡೀತಿದ್ನಾ?" ನನಗೆ ಮೊದಮೊದಲು ನಗು ಬರುತ್ತಿತ್ತು. ಬರಬರುತ್ತಾ ನಾನೂ ಹಾಗೇ ಓದತೊಡಗಿದೆ.

ಪುಸ್ತಕ ಬರುತ್ತಿದ್ದದ್ದು ಪೇಟೆಯ ಸ್ಟೇಷನರಿ ಅಂಗಡಿಯ ಹಿಂಭಾಗದಲ್ಲಿದ್ದ ಬಾಡಿಗೆ ಲೈಬ್ರರಿಯಿಂದ. ಆದರೆ ನಮ್ಮ ಮನೆಗೆ ಇಡೀ ಪುಸ್ತಕ ಬರುತ್ತಿರಲಿಲ್ಲ, ಅರ್ಧ ಬರುತ್ತಿತ್ತು. ಅದಕ್ಕೆ ಕಾರಣ ದೊಡ್ಡತ್ತೆ, ಅಂದರೆ ನನ್ನ ಮಾವನವರ ಅಣ್ಣನ ಹೆಂಡತಿ, ಅತ್ತೆಯವರ ವಾರಗಿತ್ತಿ. ನಾನು ಬರುವ ಮೊದಲೇ ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಂಡಿದ್ದರು. ಕಾಫಿ ಒಣಗಿಸುವ ಕಣ ದೊಡ್ಡತ್ತೆಯ ಪಾಲಿಗೆ ಹೋಗಿತ್ತು. ಅಂದಿನಿಂದ ಇಬ್ಬರು ಹೆಂಗಸರಿಗೂ ಮಾತಿಲ್ಲ. ಗಂಡಸರು ಒಂದೇ ಜೀಪಿನಲ್ಲಿ ಸಂತೆಗೆ ಹೋಗಿ ಬರುತ್ತಿದ್ದರು, ಇವರು ಮಾತ್ರ ಎದುರು ಸಿಕ್ಕರೆ ಮರ ನೋಡಿಕೊಂಡು ಹೋಗುತ್ತಿದ್ದರು.

ಎಲ್ಲ ಪಾಲಾದರೂ ಲೈಬ್ರರಿಯ ಮೆಂಬರ್‌ಶಿಪ್ ಒಂದೇ ಉಳಿದಿತ್ತು. ಬಿಟ್ಟುಕೊಡಲು ಇಬ್ಬರಿಗೂ ಮನಸ್ಸಿಲ್ಲ. ಹೊಸ ಕಾದಂಬರಿ ಮೊದಲು ನನಗೇ ಬೇಕೆಂದು ಇಬ್ಬರಿಗೂ ಹಟ. ಮಳೆಗಾಲದ ಥಂಡಿಗೆ ದಪ್ಪ ಪುಸ್ತಕಗಳ ಅಂಟು ಬಿಟ್ಟು ನಡುವೆ ಸೀಳು ಬರುತ್ತಿತ್ತು. ಯಾರಿಗೆ ಮೊದಲು ಹೊಳೆಯಿತೋ, ಕಾಫಿ ಗಿಡ ಸವರುವ ಕಸಿ ಕತ್ತಿ ಆಡಿಸಿ ಎರಡು ಭಾಗ ಮಾಡಿದರು. ಒಂದು ವಾರ ಮೊದಲರ್ಧ ನಮಗೆ, ಕೊನೆಯರ್ಧ ಅವರಿಗೆ. ಮುಂದಿನ ಪುಸ್ತಕಕ್ಕೆ ಅದಲು ಬದಲು. ಓದಿ ಮುಗಿಸಿದ ಮೇಲೆ ಅರ್ಧಗಳನ್ನು ಬದಲಾಯಿಸಿಕೊಂಡು ಬರುವ ಕೆಲಸ ನನ್ನದು. ವಾಪಸ್ ಕೊಡುವಾಗ ಅತ್ತೆ ಗೋಣಿಚೀಲ ಹೊಲಿಯುವ ದಬ್ಬಳದಲ್ಲಿ ಎರಡನ್ನೂ ಸೇರಿಸಿ ಹೊಲಿದುಬಿಡುತ್ತಿದ್ದರು. ಅಂಗಡಿಯವರು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ಗಂಡಸ್ರು ತೋಟ ಪಾಲು ಮಾಡಿದ್ರು, ಅಮ್ಮಾವ್ರು ನನ್ನ ಬುಕ್ಕು ಪಾಲು ಮಾಡ್ತಾರಲ್ಲ ಮಾರಾಯ್ತಿ!" ಎಂದು ನನ್ನೆದುರು ಹಣೆ ಚಚ್ಚಿಕೊಳ್ಳುತ್ತಿದ್ದರು.

ಕೊನೆಯರ್ಧ ಸಿಕ್ಕವರ ಕೈಯಲ್ಲಿ ಕೊಲೆಗಾರನ ಗುಟ್ಟೂ ಇರುತ್ತಿತ್ತು. ದೊಡ್ಡತ್ತೆ ಎಲೆಗೆ ಸುಣ್ಣ ಸವರುತ್ತಾ, ಅದೇ ಬೆರಳಲ್ಲಿ ಪುಟ ತಿರುವುತ್ತಾ, ನನ್ನನ್ನು ಕರೆದು ನಿಧಾನಕ್ಕೆ, "ನಿನ್ನತ್ತೆಗೆ ಹೇಳು, ಆ ಡಾಕ್ಟ್ರನ್ನ ಜಾಸ್ತಿ ನಂಬಬೇಡ ಅಂತ" ಎನ್ನುತ್ತಿದ್ದರು. ನಾನು ಬಾಯಿ ಬಿಡದಿದ್ದರೂ ನನ್ನ ಮುಖ ನೋಡಿಯೇ ಅತ್ತೆಗೆ ಗೊತ್ತಾಗುತ್ತಿತ್ತು. "ಹೇಳಿದ್ರಾ? ಯಾರಂತೆ? ಬೇಡ, ಹೇಳ್ಬೇಡ! ಅಯ್ಯೋ, ಹೇಳಿ ಸಾಯಿ!" ಮುಂದಿನ ವಾರ ಸೇಡು ತೀರಿಸಿಕೊಳ್ಳಲು ಅತ್ತೆಯ ಸರದಿ. ಹೀಗೇ ವರ್ಷಗಳು ಕಳೆದವು.

ಕಾದಂಬರಿಗಳೂ ಬದಲಾದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಬಂದವುಗಳಲ್ಲಿ ಕೊಲೆಗಾರರ ಕೈಗೆ ಮೊಬೈಲು ಬಂತು. "ಕೊಟ್ಟಿಗೆಹಾರದ ಹತ್ರ ಕಾಡಲ್ಲಿ ನಿಂತು ಫೋನ್ ಮಾಡಿ ಹೆದರಿಸ್ತಾನಂತೆ. ನಮ್ಮವ್ರು ಗುಡ್ಡ ಹತ್ತಿ ಹಲೋ ಹಲೋ ಅಂತ ಕಿರುಚಿದ್ರೂ ಕೇಳಲ್ಲ, ಇವ್ನಿಗೆ ಮಾತ್ರ ಸಿಗ್ನಲ್ಲು!" ಎಂದರು ಅತ್ತೆ.

ಅಂಥದೊಂದು ವರ್ಷದ ಮಳೆಗಾಲದಲ್ಲಿ ದೊಡ್ಡತ್ತೆಯ ಕಡೆಯಿಂದ ಕೊನೆಯರ್ಧ ಸುಮ್ಮನೆ ಬಂತು. ಸುಳಿವಿಲ್ಲ, ಚುಚ್ಚು ಮಾತಿಲ್ಲ. ಮತ್ತೊಂದು ಸರದಿಯಲ್ಲೂ ಹಾಗೇ.

"ಏನೂ ಹೇಳ್ಲಿಲ್ವಾ?" ಅತ್ತೆ ಕೇಳಿದರು.

"ಇಲ್ಲ. ತಗೊಂಡ್ಹೋಗು ಅಂದ್ರು ಅಷ್ಟೆ."

ಅತ್ತೆ ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಪುಟ ತಿರುವಿದರು. ಒಂದು ಮೂಲೆಯಲ್ಲೂ ಸುಣ್ಣದ ಬೆರಳ ಗುರುತಿಲ್ಲ.

"ಓದಿಲ್ಲ ಕಣೇ ಅವ್ರು."

"ಬೇಜಾರಾಗಿರ್ಬೇಕು ಅತ್ತೆ."

"ಬೇಜಾರಂತೆ! ಕೊಲೆ ಮಾಡಿದ್ದು ಯಾರು ಅಂತ ಗೊತ್ತಿದ್ದೂ ನನ್ನ ಹೊಟ್ಟೆ ಉರಿಸ್ದೆ ಬಿಡೋರಾ ಅವ್ರು? ಅವ್ರಿಗೇನೋ ಆಗಿದೆ. ಕೊಡೆ ಕೊಡಿಲ್ಲಿ."

ಪಾಲಾದ ಮೇಲೆ ಅತ್ತೆ ಎರಡು ಮನೆಗಳ ನಡುವಿನ ಬೇಲಿ ದಾಟಿದ್ದು ಅದೇ ಮೊದಲು. ಹೊಸದಾಗಿ ಬಂದಿದ್ದ ಕಾದಂಬರಿಯ ನಮ್ಮ ಅರ್ಧವನ್ನು ಸೆರಗಲ್ಲಿ ಸುತ್ತಿಕೊಂಡು ಮುಂದೆ ಅವರು, ಹಿಂದೆ ನಾನು. ದೊಡ್ಡತ್ತೆ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು, ಅವರ ಅರ್ಧ ಪಕ್ಕದಲ್ಲಿತ್ತು. ಅತ್ತೆ ಹತ್ತಿರ ಹೋಗಿ ನಿಂತರೂ ಅವರಿಗೆ ಗುರುತು ಹತ್ತಲಿಲ್ಲ.

"ಅಕ್ಕಾ, ಯಾರು ಕೊಂದಿದ್ದು?" ಎಂದರು ಅತ್ತೆ.

ದೊಡ್ಡತ್ತೆ ಬೆಚ್ಚಿದರು. ಪಕ್ಕದಲ್ಲಿದ್ದ ಅರ್ಧವನ್ನು ಕೈಯಿಂದ ತಡವಿದರು. ಆಮೇಲೆ, "ಗೊತ್ತಿಲ್ಲ ಕಣೇ. ಅಕ್ಷರ ಕಾಣ್ತಿಲ್ಲ. ಪೊರೆ ಬಂದಿದೆಯಂತೆ" ಎಂದರು. ಮಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಿ ಎಂದು ಮನೆಯವರೆಲ್ಲ ಹೇಳಿ ಸೋತಿದ್ದರು. ತಡ ಮಾಡಿದರೆ ಇದ್ದಷ್ಟು ಕಣ್ಣೂ ಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರಂತೆ. ದೊಡ್ಡತ್ತೆಯದು ಒಂದೇ ಉತ್ತರ. "ಓದಿದ ಬುಕ್ಕಲ್ಲೆಲ್ಲ ಡಾಕ್ಟ್ರೇ ಕೊಲೆಗಾರ. ಅವ್ರ ಕೈಗೆ ಚಾಕು ಕೊಟ್ಟು ಮಲಗ್ತೀನಾ ನಾನು?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆ ಕಣದ ಸುದ್ದಿ ಎತ್ತಲಿಲ್ಲ, ಬುದ್ಧಿಯೂ ಹೇಳಲಿಲ್ಲ. ಕನ್ನಡಕ ಏರಿಸಿ, ಸೆರಗಿನಲ್ಲಿದ್ದ ಅರ್ಧ ತೆಗೆದು, ಗಟ್ಟಿಯಾಗಿ ಓದಲು ಶುರು ಮಾಡಿದರು. ಅಂದಿನಿಂದ ದಿನಾ ಮಧ್ಯಾಹ್ನ ಅದೇ ಕೆಲಸ. ಎಸ್ಟೇಟ್ ಯಜಮಾನನ ಕೊಲೆ. ತೋಟದ ಲೆಕ್ಕ ಬರೆಯುವ ರೈಟರ್, ಎರಡನೇ ಹೆಂಡತಿ, ಡಾಕ್ಟರು, ಎಲ್ಲರ ಮೇಲೂ ಅನುಮಾನ. ಇಬ್ಬರೂ ಒಂದೊಂದು ಪುಟಕ್ಕೂ ನಿಲ್ಲಿಸಿ ಬರೆದವನಿಗೆ ಮಂಗಳಾರತಿ ಎತ್ತುತ್ತಿದ್ದರು. ಬೇಲಿಯಾಚೆ ಇದ್ದ ನನಗೂ ಕೇಳುವಷ್ಟು ಜೋರಾಗಿ.

ಕೊನೆಯ ಅಧ್ಯಾಯದ ದಿನ ನಾನೂ ಹೋಗಿದ್ದೆ. ಕೊಂದವನು ಯಜಮಾನನ ಅವಳಿ ತಮ್ಮ, ಸಿಂಗಾಪುರದಿಂದ ಬಂದವನು, ಎಂದು ಅತ್ತೆ ಓದಿದರು.

"ಯಾವ ಅವಳಿ ತಮ್ಮ?" ದೊಡ್ಡತ್ತೆ ನೆಟ್ಟಗೆ ಕೂತರು. "ಇಷ್ಟು ದಿನ ಎಲ್ಲಿದ್ದ ಅವ್ನು? ಸುಳ್ಳು ಓದ್ತಿದೀಯ ನೀನು!"

"ದೇವ್ರಾಣೆ ಅಕ್ಕಾ, ಹಾಗೇ ಇದೆ."

"ಯಾವ ಮುಠ್ಠಾಳ ಹಾಗೆ ಬರೀತಾನೆ? ಕಣದ ಸಿಟ್ಟು ಇನ್ನೂ ಹೋಗಿಲ್ಲ ನಿನಗೆ. ಕೊನೇ ಅಧ್ಯಾಯ ಕೆಡಿಸಿ ಸೇಡು ತೀರಿಸ್ಕೊಳ್ತಿದೀಯ. ಏ ಹುಡುಗಿ, ನೀನು ನೋಡಿ ಹೇಳು!"

ನಾನು ಪುಟದ ಮೇಲೆ ಬಗ್ಗಿದೆ. ಅತ್ತೆ ನನ್ನ ಕಾಲಿನ ಮೇಲೆ ಕಾಲಿಟ್ಟು ಒತ್ತಿದರು. "ನನ್ನನ್ಯಾಕೆ ಮಧ್ಯೆ ಎಳೀತೀರಿ ದೊಡ್ಡತ್ತೆ" ಎಂದು ತಪ್ಪಿಸಿಕೊಂಡೆ.

"ನಂಬಿಕೆ ಇಲ್ದಿದ್ರೆ ಕಣ್ಣು ಸರಿ ಮಾಡಿಸ್ಕೊಂಡು ನೀವೇ ಓದ್ಕೊಳ್ಳಿ" ಎಂದು ಅತ್ತೆ ಎರಡೂ ಅರ್ಧಗಳನ್ನು ಅಲ್ಲೇ ಬಿಟ್ಟು ಎದ್ದರು. ಅಲ್ಲಿಗೆ ಓದು ನಿಂತಿತು. ದೊಡ್ಡತ್ತೆ ಒಂದು ವಾರ ಗೊಣಗಿದರಂತೆ. ಆಮೇಲೆ ಮಗನನ್ನು ಕರೆದು ಜೀಪು ತೆಗೆ ಎಂದರಂತೆ. ಚಾರ್ಮಾಡಿ ಘಾಟಿ ಇಳಿಯುವಷ್ಟು ದೂರವೂ ಅವಳಿ ತಮ್ಮನನ್ನೇ ಬೈಯುತ್ತಿದ್ದರೆಂದು ಅವರ ಮಗ ಹೇಳಿದರು. ಮಂಗಳೂರಿಂದ ಸುದ್ದಿ ಬರುವವರೆಗೂ ಅತ್ತೆಗೆ ಊಟ ಸೇರಲಿಲ್ಲ.

ಕೊಯ್ಲು ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ನಮ್ಮ ಗೇಟಿನ ಸದ್ದಾಯಿತು. ಕಪ್ಪು ಕನ್ನಡಕ ಹಾಕಿಕೊಂಡ ದೊಡ್ಡತ್ತೆ, ಯಾರ ಕೈಯನ್ನೂ ಹಿಡಿಯದೆ, ಕಲ್ಲು ಮೆಟ್ಟಿಲು ಹತ್ತಿ ಬರುತ್ತಿದ್ದರು. ಕೈಯಲ್ಲಿ ಕಾದಂಬರಿಯ ಕೊನೆಯರ್ಧ. ಮೂಲೆಯಲ್ಲೆಲ್ಲ ಸುಣ್ಣ.

"ಅವಳಿ ತಮ್ಮನೇ ಕಣೇ!" ಅಂಗಳದಿಂದಲೇ ಕೂಗಿದರು. "ಹಾಗೇ ಬರ್ದಿದಾನಲ್ಲೇ ಆ ಪುಣ್ಯಾತ್ಮ! ಇಷ್ಟು ದರಿದ್ರ ಕಾದಂಬರಿ ಈ ಜನ್ಮದಲ್ಲಿ ಓದಿಲ್ಲ. ಇದಕ್ಕೋಸ್ಕರ ಕಣ್ಣು ಕೊಯ್ಸಿಕೊಂಡ್ನಲ್ಲೇ ನಾನು!"

ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಅವರ ಕಣ್ಣಲ್ಲಿ ನೀರು ತುಂಬಿತ್ತು.

"ಬೈಬೇಡಿ ಅಕ್ಕಾ ಅವ್ನನ್ನ" ಎಂದರು. "ಅವ್ನು ಚೆನ್ನಾಗಿ ಬರ್ದಿದ್ರೆ ನೀವು ನನ್ನ ಮಾತು ನಂಬಿಬಿಡ್ತಿದ್ರಿ."