ಸ್ಟಾಕಿಂಗ್‌ಗೆ ಮುಂಚಿನ ಎರಡು ಗಂಟೆ

ಮೊದಲು ಬಂದದ್ದು ತುರಿಕೆ. ಎಡಗಾಲಿನ ಒಳಮಗ್ಗುಲಲ್ಲಿ, ಪಾದದ ಗಂಟಿನ ಸ್ವಲ್ಪ ಮೇಲೆ, ರೂಪಾಯಿ ನಾಣ್ಯದಷ್ಟು ಜಾಗ ಕಪ್ಪಾಗಿತ್ತು. ಬಸ್ಸಿನಲ್ಲಿ ನಿಂತಾಗ ತಡೆಯಲಾಗುತ್ತಿರಲಿಲ್ಲ. ಬಲಗಾಲಿನ ಚಪ್ಪಲಿಯ ಅಂಚಿನಿಂದ ಉಜ್ಜಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಹರಿಹರದಲ್ಲಿ ಇಳಿಯುವಾಗ ಸೀರೆಯ ಅಂಚು ಕಾಲಿಗೆ ಅಂಟಿದಂತಾಯಿತು. ನೋಡಿದರೆ ಚರ್ಮ ಕಿತ್ತು ನೀರು ಒಸರುತ್ತಿತ್ತು.

ಆ ಗಾಯ ಮಾಯಲು ಹದಿನಾಲ್ಕು ತಿಂಗಳು ಹಿಡಿಯಿತು.

ಅಷ್ಟು ಹಿಡಿಯಬೇಕಾಗಿರಲಿಲ್ಲ. ಇದನ್ನು ಬರೆಯಲು ಕೂತಿರುವುದೇ ಅದಕ್ಕೆ. ಕಾಯಿಲೆಯಿಂದ ಎದ್ದವರು ತಾಳ್ಮೆ ಕಲಿತೆ, ಬದುಕಿನ ಬೆಲೆ ತಿಳಿಯಿತು ಎಂದೆಲ್ಲ ಬರೆಯುತ್ತಾರೆ. ಬರೆಯಲಿ. ನನಗಿನ್ನೂ ಸಿಟ್ಟು ಇಳಿದಿಲ್ಲ.

ನಾನು ಹರಿಹರದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುವ ಟೀಚರ್. ಮನೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ. ಮನೆಯಲ್ಲಿ ಮೂವರೇ: ಹತ್ತಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಯಜಮಾನರು, ಎಂಬತ್ತರ ಹತ್ತಿರದ ಅತ್ತೆ, ನಾನು. ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ, ಒಂದು ದಿನವೂ ಕುರ್ಚಿಯಲ್ಲಿ ಕೂತು ಮಾಡಿದವಳಲ್ಲ. ಕಾಲಿನ ನರಗಳು ಗಂಟುಗಂಟಾಗಿ ಉಬ್ಬಿ ಎಷ್ಟೋ ವರ್ಷವಾಗಿತ್ತು. ಸೀರೆ ಉಡುವವರ ಕಾಲು ಯಾರಿಗೂ ಕಾಣುವುದಿಲ್ಲ. ನಮಗೂ ಕಾಣುವುದಿಲ್ಲ.

ಪಿ.ಜೆ. ಬಡಾವಣೆಯ ಸರ್ಜನ್ ಒಬ್ಬರಿಗೆ ತೋರಿಸಿದೆವು. ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು. ಶುಗರ್ ಟೆಸ್ಟ್ ಮಾಡಿಸಿದರು, ನಾರ್ಮಲ್ ಬಂತು.

"ವೆರಿಕೋಸ್ ವೇನ್ಸ್. ಅದರಿಂದ ಅಲ್ಸರ್ ಆಗೈತೆ," ಎಂದರು. "ರಕ್ತ ಕೆಳಗೆ ಹೋಗೋದು ಚೆನ್ನಾಗೈತೆ. ಮ್ಯಾಲೆ ಬರೋದೇ ತೊಂದ್ರೆ. ಕಂಪ್ರೆಷನ್ ಸ್ಟಾಕಿಂಗ್ ಬರೀತೀನಿ, ಕಾಲು ಬಿಗಿಯಾಗಿ ಹಿಡಿಯೋ ಚೀಲ. ದಿನಾ ಬೆಳಿಗ್ಗೆ ಹಾಕ್ಕೊಳ್ರಿ, ರಾತ್ರಿ ಬಿಚ್ರಿ. ವಾರಕ್ಕೆರಡು ಸಲ ಡ್ರೆಸ್ಸಿಂಗಿಗೆ ಬರ್ರಿ. ಗಾಯ ಮುಚ್ಚಲಿ, ಆಮೇಲೆ ಆಪರೇಷನ್ ನೋಡಣ."

ಎರಡು ನಿಮಿಷ. ಹೊರಗೆ ಕಾಯುವವರ ಸಾಲು ಮೆಟ್ಟಿಲವರೆಗೂ ಇತ್ತು.

ಮೆಡಿಕಲ್ ಸ್ಟೋರಿನವರು ರವಿಕೆಗೆ ಅಳತೆ ತೆಗೆಯುವ ಹಾಗೆ ಟೇಪು ಹಿಡಿದು ಕಾಲಿನ ಅಳತೆ ತೆಗೆದುಕೊಂಡರು. ಹದಿನೈದು ದಿನಕ್ಕೆ ಬೆಂಗಳೂರಿನಿಂದ ಸ್ಟಾಕಿಂಗ್ ಬಂತು. ಮೊಣಕಾಲಿನವರೆಗೆ, ಬೆರಳಿನ ಹತ್ತಿರ ತೆರೆದದ್ದು. ಚರ್ಮದ ಬಣ್ಣ ಎಂದು ಡಬ್ಬಿಯ ಮೇಲೆ ಬರೆದಿತ್ತು. ಯಾರ ಚರ್ಮವೋ, ನಮ್ಮದಂತೂ ಅಲ್ಲ. ಅದನ್ನು ಏರಿಸಿಕೊಳ್ಳುವಷ್ಟರಲ್ಲಿ ಬೆವರು ಇಳಿಯುತ್ತಿತ್ತು. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ರಾತ್ರಿ ಒಗೆದು ಬಚ್ಚಲಿನ ತಂತಿಗೆ ಹರವುವುದು, ಬೆಳಿಗ್ಗೆ ಸ್ನಾನ, ಪೂಜೆ, ಅಡುಗೆ ಮುಗಿಸಿ ಏರಿಸಿಕೊಂಡು ಬಸ್ಸಿಗೆ ಓಡುವುದು.

ಏಳನೇ ತರಗತಿಗೆ ರಕ್ತ ಪರಿಚಲನೆಯ ಪಾಠವಿದೆ. ಹೃದಯದ ಚಿತ್ರವನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. ರಕ್ತ ಹೃದಯದಿಂದ ಹೊರಟು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಎರಡು ಪುಟ. ಕೊನೆಗೆ, ಮತ್ತೆ ಹೃದಯಕ್ಕೆ ಮರಳುತ್ತದೆ ಎಂದು ಒಂದು ಸಾಲು. ಪಾದಕ್ಕೆ ಇಳಿದ ರಕ್ತ ಅಷ್ಟು ಎತ್ತರ ಮತ್ತೆ ಹೇಗೆ ಏರುತ್ತದೆ? ಇಪ್ಪತ್ತಾರು ವರ್ಷ ನಾನು ಕೇಳಿಕೊಂಡಿರಲಿಲ್ಲ. ಮಕ್ಕಳೂ ಕೇಳಲಿಲ್ಲ. ಕೇಳದಂತೆ ಕಲಿಸಿದ್ದೆ ಎಂದು ಈಗ ಅನ್ನಿಸುತ್ತದೆ.

ಮೂರು ತಿಂಗಳಾಯಿತು. ಗಾಯ ಮುಚ್ಚಲಿಲ್ಲ. ಶಾಲೆಯಲ್ಲಿ ಕಾಲಿನಿಂದ ವಾಸನೆ ಬರಲು ಶುರುವಾಯಿತು. ಮುಂದಿನ ಸಾಲಿನ ಮಕ್ಕಳು ಹಿಂದೆ ಹೋಗಿ ಕೂತರು. ಹೆಡ್ ಮಾಸ್ತರು ಕರೆದರು.

"ಟೀಚರ್, ನಿಮಗೆ ಕುಂತು ಮಾಡೋ ಕೆಲಸ ಕೊಡ್ತೀನಿ. ಕಾಲು ವಾಸಿ ಆಗೋ ತನಕ ರಿಜಿಸ್ಟರ್ ನೋಡ್ಕೊಳ್ರಿ."

"ವಾಸಿ ಆದ ಮ್ಯಾಲೆ ಕ್ಲಾಸು ವಾಪಸ್ ಕೊಡ್ತೀರಾ?"

"ವಾಸಿ ಆಗಲಿ ಬಿಡ್ರಿ, ನೋಡಣ."

ಆ "ನೋಡಣ" ನನಗೆ ಗೊತ್ತು. ನನ್ನ ತರಗತಿ ಬೇರೆಯವರಿಗೆ ಹೋಯಿತು. ಆಫೀಸಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿ ಹೆಸರು ಬರೆಯುತ್ತಾ ಕೂತೆ. ಗೋಡೆಯ ಆಚೆ ನನ್ನ ಪಾಠವನ್ನು ಯಾರೋ ಪುಸ್ತಕ ನೋಡಿಕೊಂಡು ಓದಿಸುತ್ತಿದ್ದರು.

ಡಾಕ್ಟರ್ ಬಳಿ ಹೋದಾಗಲೆಲ್ಲ ಒಂದೇ ಮಾತು.

"ನೀವು ಸ್ಟಾಕಿಂಗ್ ಹಾಕ್ಕೊಳ್ತಿಲ್ಲ."

"ದಿನಾ ಹಾಕ್ಕೊಳ್ತೀನ್ರಿ ಸರ್."

"ಹಾಕ್ಕೊಂಡಿದ್ರೆ ಹಿಂಗೆ ಇರ್ತಿರಲಿಲ್ಲಮ್ಮ."

ಹೋಮ್‌ವರ್ಕ್ ಬರೆಯದ ಮಕ್ಕಳಿಗೆ ನಾನು ಮಾತಾಡುವ ಧಾಟಿಯೇ ಅದು. ಬರೆದು ತಂದ ಮಗುವಿಗೂ ಯಾವತ್ತಾದರೂ ಹಾಗೆ ಅಂದಿದ್ದೆನೇ ಎಂದು ನೆನಪು ಮಾಡಿಕೊಂಡೆ. ಅಲ್ಲಿಯೇ ಬಾಯಿ ಬಿಟ್ಟು ಕೇಳಬೇಕಿತ್ತು. ಕೇಳಲಿಲ್ಲ. ಬಿಳಿ ಕೋಟಿನ ಮುಂದೆ ನನ್ನಂಥ ಬಾಯಿ ಜೋರಿನವಳ ನಾಲಿಗೆಯೂ ಒಣಗುತ್ತದೆ.

ಇದೇ ಹೊತ್ತಿಗೆ ಆ ಯಂತ್ರ ಬಂತು.

ಎಸ್.ಎಸ್. ಬಡಾವಣೆಯ ಒಂದು ಕಲ್ಯಾಣ ಮಂಟಪದಲ್ಲಿ ಕಾಲಿನ ರಕ್ತಸಂಚಾರಕ್ಕೆ ಉಚಿತ ಪ್ರದರ್ಶನ ಎಂದು ಯಜಮಾನರು ಯಾರಿಂದಲೋ ಕೇಳಿ ಬಂದು ಕರೆದುಕೊಂಡು ಹೋದರು. ಸಾಲಾಗಿ ಕುರ್ಚಿ. ಪ್ರತಿ ಕುರ್ಚಿಯ ಮುಂದೆ ಒಂದು ಪ್ಲಾಸ್ಟಿಕ್ ತಟ್ಟೆಯಂಥ ಯಂತ್ರ. ಪಾದ ಇಟ್ಟು ಸ್ವಿಚ್ ಹಾಕಿದರೆ ಗಡಗಡ ಅಲುಗುತ್ತದೆ. ಟೈ ಕಟ್ಟಿದ ಒಬ್ಬಾತ ನನ್ನ ಪಕ್ಕದಲ್ಲೇ ಕೂತ. ಎಲ್ಲಿ ಕೆಲಸ, ಎಷ್ಟು ಹೊತ್ತು ನಿಲ್ಲುತ್ತೀರಿ, ಬಸ್ಸಿನಲ್ಲಿ ಸೀಟು ಸಿಗುತ್ತದೆಯೇ, ರಾತ್ರಿ ನಿದ್ದೆ ಹೇಗೆ, ಎಲ್ಲ ಕೇಳಿದ.

"ಕಾಲು ಅಂದ್ರೆ ಎರಡನೇ ಹಾರ್ಟ್ ಇದ್ದಂಗೆ ಅಕ್ಕಾರೆ," ಎಂದ. "ಇದರ ಮ್ಯಾಲೆ ದಿನಾ ಅರ್ಧ ತಾಸು ಕಾಲಿಡ್ರಿ. ನಿಂತ ರಕ್ತ ಎಲ್ಲಾ ಮ್ಯಾಲಕ್ಕೆ ಏರ್ತೈತೆ."

ನಾನು ವಿಜ್ಞಾನದ ಟೀಚರ್. ಅಲ್ಲಿ ಕೂತು ತಲೆಯಾಡಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಒಂದು ವಾರ ಅಲ್ಲಿಗೇ ಹೋದೆವು, ಆಮೇಲೆ ಯಂತ್ರವನ್ನೇ ಮನೆಗೆ ತಂದೆವು. ಕರೆಂಟು ಇದ್ದಾಗಲೆಲ್ಲ ಕಾಲಿಟ್ಟು ಕೂತೆ. ಮೂರನೇ ವಾರ ಸ್ವಿಚ್ ಆರಿಸಿ ಕಾಲೆತ್ತಿದರೆ ತಟ್ಟೆಯಲ್ಲಿ ರಕ್ತ.

ಯಜಮಾನರು ಅವನ ಹತ್ತಿರ ಓಡಿದರು. ಅವನು ಒಂದಿಷ್ಟೂ ಗಾಬರಿಯಾಗಲಿಲ್ಲವಂತೆ. "ಕೆಟ್ಟ ರಕ್ತ ಹೊರಗೆ ಬರ್ತಾ ಐತೆ ಸಾಹುಕಾರ್ರೇ, ಒಳ್ಳೇದೇ ಆತು. ಬಂದ್ ಮಾಡಬ್ಯಾಡ್ರಿ," ಎಂದನಂತೆ.

ಗಾಯ ಎರಡರಷ್ಟಾಯಿತು. ಡಾಕ್ಟರ್ ನೋಡಿದ ಕೂಡಲೇ ಕೂಗಾಡಿದರು. "ತೆರೆದ ಗಾಯ ಇಟ್ಕೊಂಡು ಯಾರಾದ್ರೂ ಅದರ ಮ್ಯಾಲೆ ಕಾಲಿಡ್ತಾರಾ? ಓದಿದವರೇ ಹಿಂಗೆ ಮಾಡಿದ್ರೆ ಹೆಂಗೆ? ಇನ್ನು ಮೂರು ತಿಂಗಳು ನೋಡ್ತೀನಿ. ಮುಚ್ಚಲಿಲ್ಲ ಅಂದ್ರೆ ತೊಡೆ ಚರ್ಮ ತೆಗೆದು ಅಲ್ಲಿ ಹಾಕಬೇಕಾಗ್ತೈತೆ."

ಅವರ ಕೂಗಾಟ ನ್ಯಾಯವೇ. ಆದರೆ ದಾರಿಯುದ್ದಕ್ಕೂ ಆಟೋದಲ್ಲಿ ನನ್ನ ತಲೆಯಲ್ಲಿ ಕುದಿಯುತ್ತಿದ್ದದ್ದು ಬೇರೆ. ಸುಳ್ಳು ಹೇಳುವವನು ಪಕ್ಕದಲ್ಲಿ ಕೂತು ಅರ್ಧ ಗಂಟೆ ನನ್ನ ದಿನಚರಿಯನ್ನೆಲ್ಲ ಕೇಳಿದ್ದ. ನಿಜ ಗೊತ್ತಿದ್ದವರು ಒಂದೂ ಪ್ರಶ್ನೆ ಕೇಳಿರಲಿಲ್ಲ. ಓದಿದವರು ಮೋಸ ಹೋಗುವುದು ಯಾಕೆ ಎಂದು ಈ ಊರಿನ ಡಾಕ್ಟರುಗಳು ಆಶ್ಚರ್ಯಪಡುವ ಅಗತ್ಯವಿಲ್ಲ.

ಆ ವಾರ ಡ್ರೆಸ್ಸಿಂಗ್ ಕೋಣೆಗೆ ಹೊಸ ನರ್ಸ್ ಬಂದಿದ್ದರು. ಶಮೀಮ್ ಸಿಸ್ಟರ್. ನಲವತ್ತರ ಆಸುಪಾಸು. ಹಳೆಯ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸುತ್ತಾ ಕೇಳಿದರು.

"ಟೀಚರ್, ಸ್ಟಾಕಿಂಗ್ ಎಷ್ಟೊತ್ತಿಗೆ ಹಾಕ್ಕೊಳ್ತೀರಿ?"

"ಬೆಳಿಗ್ಗೆ. ಏಳು ಗಂಟೆಗೆ."

"ಏಳೋದು ಎಷ್ಟಕ್ಕೆ?"

"ಐದಕ್ಕೆ."

ಅವರ ಕೈ ನಿಂತಿತು.

"ಐದರಿಂದ ಏಳರ ತನಕ ಏನು ಮಾಡ್ತೀರಿ?"

ಏನು ಮಾಡುತ್ತೇನೆ. ಅಂಗಳ ಗುಡಿಸಿ ನೀರು ಹಾಕಿ ರಂಗೋಲಿ. ನಲ್ಲಿ ಬರುವ ದಿನವಾದರೆ ಹತ್ತು ಬಿಂದಿಗೆ ನೀರು. ಬಚ್ಚಲ ಒಲೆಗೆ ಉರಿ. ಸ್ನಾನ, ಲಿಂಗಪೂಜೆ, ಆಮೇಲೆ ಅಡುಗೆ. ಪೂಜೆಯ ಹೊತ್ತು ಬಿಟ್ಟರೆ ಎಲ್ಲವೂ ನಿಂತೇ. ನಮ್ಮಲ್ಲಿ ಮೈಮೇಲೆ ಏನೇ ಹಾಕಿಕೊಳ್ಳುವುದಿದ್ದರೂ ಸ್ನಾನ, ಪೂಜೆಯ ನಂತರ. ಸ್ನಾನಕ್ಕೆ ಮುಂಚೆ ಮೈಮೇಲಿದ್ದದ್ದು ಮೈಲಿಗೆ, ಒಗೆಯಲು ಹೋಗಬೇಕು. ಅತ್ತೆಯ ಮನೆಯಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ, ಬಂದ ಮೊದಲ ವಾರದಲ್ಲೇ ಮೈಗೆ ಹತ್ತಿತು. ಒಗೆದ ಸ್ಟಾಕಿಂಗನ್ನು ಮಡಿಯಲ್ಲಿ ಏರಿಸಿಕೊಳ್ಳುವುದು ಬಿಟ್ಟು ಬೇರೆ ರೀತಿ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಶಮೀಮ್ ಸಿಸ್ಟರ್ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಹಾಸಿಗೆಯಿಂದ ಕಾಲು ಕೆಳಗೆ ಇಡೋಕ್ಕಿಂತ ಮುಂಚೆ ಹಾಕ್ಕೊಬೇಕ್ರಿ ಇದನ್ನ. ಮಲಗಿದ್ದಾಗ ರಕ್ತ ಎಲ್ಲಾ ಮ್ಯಾಲಕ್ಕೆ ಹೋಗಿರ್ತೈತೆ, ಕಾಲು ಇಳಿದಿರ್ತೈತೆ. ಎರಡು ತಾಸು ನಿಂತ ಮ್ಯಾಲೆ ಕಾಲು ಬಾತಿರ್ತೈತೆ. ಬಾತ ಕಾಲಿಗೆ ಹಾಕ್ಕೊಂಡ್ರೆ ಏನು ಬಂತು?"

"ಯಾರೂ ಹೇಳಲಿಲ್ಲವಲ್ಲ."

"ನಮ್ಮ ಅಮ್ಮೀಗೂ ಇದೇ ಇತ್ರಿ. ನಮಾಜಿಗೆ ಐದು ಸಲ ಕಾಲು ತೊಳೀಬೇಕಲ್ಲ, ಹಾಕೋದು ಬಿಚ್ಚೋದು, ಹಾಕೋದು ಬಿಚ್ಚೋದು. ವಾಸಿನೇ ಆಗ್ಲಿಲ್ಲ. ಅದಕ್ಕೇ ನಾನು ಎಲ್ಲಾರಿಗೂ ಕೇಳ್ತೀನಿ."

ಒಂಬತ್ತು ತಿಂಗಳು. ಬೈಸಿಕೊಂಡ ಒಂಬತ್ತು ತಿಂಗಳು, ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಹೆಸರು ಬರೆದ ತಿಂಗಳುಗಳು. ಒಂದು ಪ್ರಶ್ನೆಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು?

ಮನೆಗೆ ಬಂದೆ. ಇನ್ನೊಂದು ಹೆದರಿಕೆ ಉಳಿದಿತ್ತು. ನನ್ನ ಅತ್ತೆ ಸ್ನಾನ, ಪೂಜೆ ಇಲ್ಲದೆ ಬಾಯಿಗೆ ನೀರು ಹಾಕಿದವರಲ್ಲ. ರಾತ್ರಿಯೇ ಸ್ನಾನ ಮಾಡಿ ಮಲಗುತ್ತೇನೆ, ಬೆಳಿಗ್ಗೆ ಸ್ನಾನವಿಲ್ಲದೆ ಹಾಸಿಗೆಯಲ್ಲೇ ಈ ಚೀಲ ಏರಿಸಿಕೊಂಡು ಆಮೇಲೆ ಪೂಜೆ ಮಾಡುತ್ತೇನೆ ಎಂದು ಅವರಿಗೆ ಹೇಳಬೇಕಿತ್ತು. ಅದೂ ಅಲ್ಲದೆ ಕಾಲು ಕೆಳಗಿಡದೆ ಹಾಸಿಗೆಯಲ್ಲೇ ಸ್ಟಾಕಿಂಗ್ ಏರಿಸಲು ನನ್ನೊಬ್ಬಳಿಂದ ಆಗದು, ಅವರ ಮಗನ ಕೈ ಬೇಕು. ಗಂಡ ಹೆಂಡತಿಯ ಪಾದ ಹಿಡಿಯುವುದನ್ನು ಅವರು ಎದುರಿಗೆ ಕೂತು ನೋಡಬೇಕು. ಮಾತುಗಳನ್ನು ಮನಸ್ಸಿನಲ್ಲೇ ಹತ್ತು ಸಲ ಜೋಡಿಸಿಕೊಂಡು, ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಹೇಳಿದೆ.

ಅತ್ತೆ ಎಲೆ ಅಡಿಕೆ ಕುಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ಲಿಂಗ ಎಲ್ಲೈತೆ?"

"ಕೊರಳಾಗ."

"ಮಂಚದ ಮ್ಯಾಲೆ ಮಲಗಿದ್ರೂ ಕೊರಳಾಗೇ ಇರ್ತೈತಲ್ಲ. ಅಲ್ಲೇ ಕುಂತು ವಿಭೂತಿ ಹಚ್ಚಿ ಪೂಜೆ ಮಾಡು. ಕಾಯಿಲೆ ಮನುಷ್ಯಾಗೆ ಎಂಥಾ ಮಡಿ?" ಎಂದರು. ಕುಟ್ಟುತ್ತಲೇ, "ಆವಾಗಲೇ ಕೇಳಿದ್ರೆ ಆವಾಗಲೇ ಹೇಳ್ತಿದ್ದೆ," ಎಂದರು.

ಸಮಾಧಾನ ಆಗಬೇಕಿತ್ತು. ಆಗಲಿಲ್ಲ, ಒಳಗೆ ಹೋಗಿ ಅತ್ತುಬಿಟ್ಟೆ. ಡಾಕ್ಟರು ನನ್ನನ್ನು ಕೇಳಲಿಲ್ಲ ಎಂದು ಊರೆಲ್ಲ ಹಾರಾಡುವವಳು, ಒಂದೇ ಸೂರಿನಡಿ ಇಷ್ಟು ವರ್ಷ ಬದುಕಿದ ಮುದುಕಿಯನ್ನು ನಾನು ಕೇಳಿರಲಿಲ್ಲ. ಅವರ ಉತ್ತರವನ್ನೂ ನಾನೇ ಕೊಟ್ಟುಕೊಂಡು ಹೆದರಿದ್ದೆ. ಆ ಸಿಟ್ಟನ್ನು ಯಾರ ಮೇಲೆ ಹಾಕಲಿ?

ಮರುದಿನದಿಂದ ಐದು ಗಂಟೆಗೆ ಯಜಮಾನರು ನನ್ನ ಕಾಲಿಗೆ ಪೌಡರ್ ಹಚ್ಚಿ, ನಾಲಿಗೆ ಕಚ್ಚಿಕೊಂಡು ಸ್ಟಾಕಿಂಗ್ ಏರಿಸತೊಡಗಿದರು. ಅತ್ತೆ ಬಾಗಿಲಲ್ಲಿ ಕೂತು, "ಸುಕ್ಕು ಬಿದ್ದೈತೆ ನೋಡೋ, ಇನ್ನಷ್ಟು ಎಳಿ," ಎಂದು ಮಗನಿಗೆ ಹೇಳುತ್ತಿದ್ದರು. ನೀರು ತುಂಬುವುದೂ ಯಜಮಾನರ ಪಾಲಿಗೆ ಬಂತು. ಮಾಡುತ್ತಾರೆ, ಬಿಂದಿಗೆಗೊಂದು ಸಲ ನಿಟ್ಟುಸಿರು ಬಿಡುತ್ತಾರೆ. ಬಿಡಲಿ. ಆ ಯಂತ್ರ ಈಗ ಹಿತ್ತಿಲಲ್ಲಿ ತುಳಸಿಯ ಕುಂಡದ ಕೆಳಗಿದೆ.

ನಾಲ್ಕನೇ ವಾರಕ್ಕೆ ಗಾಯದ ಅಂಚಿನಲ್ಲಿ ಗುಲಾಬಿ ಬಣ್ಣ ಕಂಡಿತು. ಹೊಸ ಚರ್ಮ. ಶಮೀಮ್ ಸಿಸ್ಟರ್ ಪ್ರತಿ ಸಲ ಪಾರದರ್ಶಕ ಹಾಳೆ ಇಟ್ಟು ಪೆನ್ನಿನಿಂದ ಗಾಯದ ಗಡಿ ಬರೆದುಕೊಳ್ಳುತ್ತಿದ್ದರು. ಗಡಿ ಚಿಕ್ಕದಾಗುತ್ತಾ ಬಂತು. ಯಂತ್ರ ಮಾಡಿದ ಹಾನಿಯಿಂದಾಗಿ ನಿಧಾನವಾಯಿತು. ತೊಡೆಯ ಚರ್ಮದ ಮಾತು ಬರಲಿಲ್ಲ. ಐದನೇ ತಿಂಗಳಿಗೆ ಒಂದು ಬೆಳಿಗ್ಗೆ ಬಟ್ಟೆ ಬಿಡಿಸಿದಾಗ ಒಣಗಿತ್ತು.

ಜೂನಿನಲ್ಲಿ ನನ್ನ ತರಗತಿ ವಾಪಸ್ ಸಿಕ್ಕಿತು. ಸುಮ್ಮನೆ ಸಿಗಲಿಲ್ಲ, ಹೆಡ್ ಮಾಸ್ತರ ಮೇಜಿನ ಮುಂದೆ ಹೋಗಿ ನಿಂತು ತೆಗೆದುಕೊಂಡೆ. ರಕ್ತ ಪರಿಚಲನೆಯ ಪಾಠ ಬಂದಾಗ ಹೃದಯಕ್ಕೆ ಒಂದು ದಿನ, ಕಾಲಿಗೆ ಎರಡು ದಿನ ಕೊಟ್ಟೆ. ಕಾಲಿನ ರಕ್ತನಾಳದೊಳಗೆ ಪುಟ್ಟ ಕವಾಟಗಳಿವೆ, ನಡೆದಾಗ ಮೀನಖಂಡ ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ, ಕವಾಟ ಸೋತರೆ ಅದು ಕೆಳಗೇ ನಿಲ್ಲುತ್ತದೆ ಎಂದು ಹೇಳಿದೆ. ಪರೀಕ್ಷೆಗೆ ಬರುವುದಿಲ್ಲ ಎಂದೂ ಹೇಳಿದೆ.

ಡಾಕ್ಟರಿಗೆ ಕೊನೆಯ ಸಲ ಕಾಲು ತೋರಿಸಲು ಹೋದೆ. ಅವರಿಗೆ ನಿಜವಾಗಿಯೂ ಖುಷಿಯಾಯಿತು.

"ನೋಡಿದ್ರಾ? ಸರಿಯಾಗಿ ಹಾಕ್ಕೊಂಡ್ರೆ ಹೆಂಗೆ ವಾಸಿ ಆಗ್ತೈತೆ."

"ಸರ್, ನಾನು ಒಂದು ದಿನನೂ ಬಿಟ್ಟಿರಲಿಲ್ಲ," ಎಂದೆ. ಈ ಸಲ ನಾಲಿಗೆ ಒಣಗಲಿಲ್ಲ. "ಸ್ನಾನ, ಪೂಜೆ ಮುಗಿಸಿ ಹಾಕ್ಕೊಳ್ತಿದ್ದೆ. ಈ ಊರಾಗೆ ನನ್ನಂಗೆ ಎಷ್ಟು ಮಂದಿ ಮಾಡ್ತಿರಬಹುದು. ಹಾಕ್ಕೊಂಡಿಲ್ಲ ಅಂತ ಬೈದ್ರಿ. ಯಾವಾಗ ಹಾಕ್ಕೊಳ್ತೀರಿ ಅಂತ ಒಂದು ಸಲನೂ ಕೇಳಲಿಲ್ಲ. ಶಮೀಮ್ ಸಿಸ್ಟರ್ ಕೇಳಿದ್ರು, ಅದಕ್ಕೆ ವಾಸಿ ಆತು."

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಆರು ತಿಂಗಳ ನಂತರ ಬನ್ನಿ ಎಂದು ಚೀಟಿಯಲ್ಲಿ ಬರೆದು ಕೊಟ್ಟರು.

ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದೆ. ಕಾಲಿಗೆ ಬಟ್ಟೆ ಸುತ್ತಿಕೊಂಡ, ಹಣೆ ತುಂಬ ವಿಭೂತಿಯ ಹೆಂಗಸೊಬ್ಬರು ಒಳಗೆ ಹೋದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸ್ವಲ್ಪ ಹೊತ್ತಿಗೆ ಡಾಕ್ಟರ ದನಿ ಕೇಳಿತು.

"ಸ್ನಾನ ಎಷ್ಟೊತ್ತಿಗೆ ಮಾಡ್ತೀರಮ್ಮ?"

ಚಪ್ಪಲಿ ಮೆಟ್ಟಿಕೊಂಡು ಅಲ್ಲೇ ನಿಂತುಬಿಟ್ಟೆ. ಆಮೇಲೆ, ಹೆಚ್ಚು ಹೊತ್ತು ನಿಲ್ಲಬಾರದು ಎಂದು ನೆನಪಾಗಿ, ಬಸ್ ಸ್ಟ್ಯಾಂಡಿನ ಕಡೆ ನಡೆದೆ.